ಹರ್ಡಲ್ ಎಷ್ಟು ಬಲಕ್ಕೆ ಬೀಳಬೇಕು?

ಪ್ರಶ್ನೆ: ನಮ್ಮ ಮೆಕ್ಯಾನಿಕಲ್ ವಿದ್ಯಾರ್ಥಿಗಳ ತಂಡ ಓಟದ ಹರ್ಡಲ್ ತಯಾರಿಸುತ್ತಿದೆ. ಅದರ ಗಟ್ಟಿತನ ಪರೀಕ್ಷಿಸುವುದು ಹೇಗೆ?

ಉತ್ತರ: ಗಟ್ಟಿತನವೊಂದೇ ಸಾಲದು. ಕಾಲು ತಗುಲಿದಾಗ ಹರ್ಡಲ್ ಬೀಳಲೇಬೇಕು. ಇಲ್ಲವಾದರೆ ಓಟಗಾರರೇ ಮುಗ್ಗರಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ, ಮೇಲ್ಪಟ್ಟಿಯ ನಡುಭಾಗವನ್ನು ತಳ್ಳಿ ಉರುಳಿಸಲು ಕನಿಷ್ಠ 3.6 ಕಿಲೋ ತೂಕದಷ್ಟು ಬಲ ಬೇಕು, 4 ಕಿಲೋ ಮೀರಬಾರದು. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಓಟದ ದಿಕ್ಕಿಗೆ ನಿಧಾನವಾಗಿ ಎಳೆದು ನೋಡಿ. ಎತ್ತರ ಬದಲಿಸಿದಾಗಲೆಲ್ಲ ಬುಡದ ತೂಕವನ್ನೂ ಸರಿಸಿ ಮತ್ತೆ ಅಳೆಯಬೇಕು. ದಯವಿಟ್ಟು ಇದನ್ನು ಬಿಡಬೇಡಿ.

ಸ್ಟೀಪಲ್‌ಚೇಸ್ ತಡೆಯ ಕಥೆಯೇ ಬೇರೆ. 80ರಿಂದ 100 ಕಿಲೋ ತೂಗುವ ಅದು ಅಲುಗಬಾರದು. ಓಟಗಾರರು ಅದರ ಮೇಲೆ ಕಾಲಿಟ್ಟೇ ಹಾರಬಹುದು. ಅಲ್ಲಿ ಪದೇ ಪದೇ ಭಾರ ಬೀಳಿಸಿ, ವೆಲ್ಡಿಂಗ್ ಬೆಸುಗೆಗಳಲ್ಲಿ ಬಿರುಕು ಹುಡುಕಬೇಕು.