ಮೊಟ್ಟೆಯೊಳಗೇ ಬರುವ ಗಂಟುರೋಗ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಹುಳುವಿನ ಕಾಯಿಲೆಗಳ ಹೆಸರು ಬಾಯಿಪಾಠ: ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ. ಮೊದಲ ಮೂರರಲ್ಲಿ ಯಾವುದು ಬಂದರೂ ಬೆಳೆ ಹೋಗಬಹುದು. ಆದರೂ ಹುಳು ಮನೆ ತೊಳೆದು, ಸೋಂಕು ನಿವಾರಕ ಹೊಡೆದು ಮುಂದಿನ ಬೆಳೆಗೆ ಸಿದ್ಧವಾಗುತ್ತಾರೆ. ಗಂಟುರೋಗ ಅಷ್ಟಕ್ಕೆ ಬಿಡುವುದಿಲ್ಲ. ಅದು ಹುಳುವಿನಿಂದ ಚಿಟ್ಟೆಗೆ, ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಮರಿ ಕಣ್ಣು ಬಿಡುವ ಮೊದಲೇ ಅದರ ಮೈಯೊಳಗೆ ಸೇರಿಕೊಂಡಿರುತ್ತದೆ. ಹುಳುವಿಗೆ ತಗಲಿದ ಮೇಲೆ ಗುಣಪಡಿಸುವ ಔಷಧಿಯೂ ಬೆಳೆಗಾರನ ಕೈಯಲ್ಲಿಲ್ಲ.

ಇದನ್ನು ತರುವ ಜೀವಿ ನೊಸೀಮಾ ಬಾಂಬಿಸಿಸ್. ಒಂದೇ ಕೋಶದ ಪರೋಪಜೀವಿ. ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕಗಳು ಇದನ್ನು ಪ್ರೊಟೊಜೋವಗಳ ಸಾಲಿನಲ್ಲೇ ಇಟ್ಟಿದ್ದವು. 1990ರ ದಶಕದಲ್ಲಿ ಜೀನ್‌ಗಳನ್ನು ಹೋಲಿಸಿ ನೋಡಿದಾಗ ಇದರ ನಂಟು ಶಿಲೀಂಧ್ರಗಳ ಕಡೆಗಿದೆ ಎಂದು ಗೊತ್ತಾಯಿತು. ಸಾಲು ಬದಲಾಗಿದೆ, ಬದುಕುವ ರೀತಿ ಮಾತ್ರ ಪರೋಪಜೀವಿ ಪ್ರೊಟೊಜೋವಗಳದ್ದೇ.

ಎಲ್ಲ ಪ್ರೊಟೊಜೋವಗಳೂ ಪರೋಪಜೀವಿಗಳಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರದ ಕೆರೆಗಳ ನೀರಿನಲ್ಲಿ ಅಮೀಬಾ, ಪ್ಯಾರಮೀಸಿಯಂನಂಥವು ಬ್ಯಾಕ್ಟೀರಿಯಾ ತಿಂದುಕೊಂಡು ತಮ್ಮ ಪಾಡಿಗೆ ತಾವಿರುತ್ತವೆ. ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಬೇಸಿಗೆಯಲ್ಲಿ ಕೆರೆಯೂ ಬತ್ತುತ್ತದೆ. ಆಗ ಎಷ್ಟೋ ಏಕಕೋಶ ಜೀವಿಗಳು ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಒಣ ಮಣ್ಣಿನಲ್ಲಿ ಬಿದ್ದಿರುತ್ತವೆ, ಮಳೆ ಬಂದಾಗ ಕವಚ ಬಿಟ್ಟು ಹೊರಬರುತ್ತವೆ. ಆಮಶಂಕೆ ತರುವ ಎಂಟಮೀಬಾ ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರ ಹೊಟ್ಟೆಗೆ ಹೋಗುವುದೂ ಇಂಥದೇ ಕವಚದೊಳಗೆ. ಪರೋಪಜೀವಿಗೆ ಕಷ್ಟದ ಕಾಲ ಎಂದರೆ ಒಂದು ಮೈ ಬಿಟ್ಟು ಇನ್ನೊಂದು ಮೈ ಸೇರುವವರೆಗಿನ ಅವಧಿ.

ನೊಸೀಮಾ ಆ ಅವಧಿಯನ್ನು ಕಳೆಯುವುದು ಬೀಜಕದ ರೂಪದಲ್ಲಿ. ಮೊಟ್ಟೆಯಾಕಾರದ ಈ ಬೀಜಕದ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗ. ಒಳಗೊಂದು ಸಪೂರ ನಳಿಕೆ ಸುರುಳಿ ಸುತ್ತಿಕೊಂಡಿರುತ್ತದೆ. ಸೊಪ್ಪಿನ ಜೊತೆ ಬೀಜಕ ಹುಳುವಿನ ಹೊಟ್ಟೆಗೆ ಹೋದಾಗ ಅಲ್ಲಿನ ಕ್ಷಾರದ ರಸ ಅದನ್ನು ಕೆರಳಿಸುತ್ತದೆ. ಒಳಗೆ ಒತ್ತಡ ಏರಿ, ಕೈಯಿಂದ ಎಳೆದಾಗ ಅಂಗಿಯ ತೋಳು ಒಳಮಗ್ಗುಲಾಗುವಂತೆ ನಳಿಕೆ ತಿರುವಿಕೊಂಡು ಹೊರಗೆ ಚಿಮ್ಮುತ್ತದೆ. ಬೀಜಕದ ಉದ್ದದ ಹತ್ತಾರು ಪಟ್ಟು ಉದ್ದದ ನಳಿಕೆ ಹೊರಬರಲು ಎರಡು ಸೆಕೆಂಡೂ ಬೇಡ. ಅದರ ತುದಿ ಕರುಳಿನ ಕೋಶಕ್ಕೆ ಚುಚ್ಚಿಕೊಂಡರೆ, ಬೀಜಕದೊಳಗಿನ ಜೀವದ್ರವ್ಯ ಆ ನಳಿಕೆಯಲ್ಲೇ ಹರಿದು ನೇರವಾಗಿ ಕೋಶದೊಳಗೆ ಇಳಿಯುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಇಂಥ ಯಂತ್ರ ಅಡಗಿರುವುದನ್ನು ನೆನೆದರೆ ನನಗೆ ಈಗಲೂ ಸೋಜಿಗ.

ಒಳಗಿಳಿದ ಮೇಲೆ ಅದಕ್ಕೆ ಸ್ವಂತ ದುಡಿಮೆ ಬೇಕಿಲ್ಲ. ಶಕ್ತಿ ತಯಾರಿಸುವ ಪೂರ್ಣ ಪ್ರಮಾಣದ ಮೈಟೊಕಾಂಡ್ರಿಯ ಅದಕ್ಕಿಲ್ಲ. ಹುಳುವಿನ ಕೋಶದ ಶಕ್ತಿಯನ್ನೇ ಕದ್ದು ಬೆಳೆಯುತ್ತದೆ, ಒಡೆದು ಒಡೆದು ಹೆಚ್ಚುತ್ತದೆ. ಹುಳುಗಳು ಏರುಪೇರಾಗುತ್ತವೆ: ಕೆಲವು ದಪ್ಪ, ಕೆಲವು ಸಣಕಲು. ಒಂದೇ ತಟ್ಟೆಯಲ್ಲಿ ಕೆಲವು ಜ್ವರಕ್ಕೆ (ಪೊರೆ ಬಿಡಲು) ಕೂತಿದ್ದರೆ ಕೆಲವು ಇನ್ನೂ ಸೊಪ್ಪು ತಿನ್ನುತ್ತಿರುತ್ತವೆ. ಚರ್ಮದ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ ಕಾಣಬಹುದು. ಅಂಥ ಹುಳುವನ್ನು ಸೀಳಿದರೆ, ಗಾಜಿನಂತೆ ತಿಳಿಯಾಗಿರಬೇಕಾದ ರೇಷ್ಮೆ ಗ್ರಂಥಿಯ ಮೇಲೆ ಹಾಲು ಬಿಳಿಯ ಗಂಟುಗಳು.

ಸೋಂಕಿನ ಮೊಟ್ಟೆಯಿಂದ ಬಂದ ಮರಿ ಬಹುಮಟ್ಟಿಗೆ ಎಳೆಯದರಲ್ಲೇ ಸಾಯುತ್ತದೆ. ಸಾಯುವ ಮೊದಲು ಅದು ಹಾಕಿದ ಹಿಕ್ಕೆಯಲ್ಲಿ ಬೀಜಕಗಳಿದ್ದು, ಸೊಪ್ಪಿನ ಮೂಲಕ ಪಕ್ಕದ ಹುಳುಗಳ ಬಾಯಿಗೆ ಹೋಗುತ್ತವೆ. ಹೀಗೆ ತಡವಾಗಿ ಸೋಂಕು ತಗಲಿದ ಹುಳುವೇ ಹೆಚ್ಚು ಅಪಾಯಕಾರಿ. ಅದು ಸಾಯುವುದಿಲ್ಲ. ಹಣ್ಣಾಗುತ್ತದೆ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಏರುತ್ತದೆ, ಗೂಡು ಕಟ್ಟುತ್ತದೆ, ಚಿಟ್ಟೆಯಾಗಿ ಹೊರಬಂದು ಸೋಂಕಿನ ಮೊಟ್ಟೆ ಇಡುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದ ಗೂಡು ನೂಲು ತೆಗೆಯುವ ರೀಲರುಗಳ ಬಿಸಿನೀರಿಗೆ ಬೀಳುವುದರಿಂದ ಅಲ್ಲಿಗೆ ಈ ದಾರಿ ಮುಗಿಯುತ್ತದೆ. ಕುಣಿಗಲ್, ಮಾಗಡಿಯಂಥ ಬಿತ್ತನೆ ಪ್ರದೇಶಗಳ, ಅಂದರೆ ಮೊಟ್ಟೆಗಾಗಿಯೇ ಹುಳು ಸಾಕುವ ಕಡೆಯ, ಗೂಡಿನಿಂದ ಮಾತ್ರ ಚಿಟ್ಟೆಯನ್ನು ಹೊರಬರಲು ಬಿಡುತ್ತಾರೆ. ಕಾವಲು ಬೇಕಾದದ್ದು ಅಲ್ಲಿ.

ಆ ಕಾವಲಿನ ವಿಧಾನವನ್ನು ಹೇಳಿಕೊಟ್ಟವನು ಲೂಯಿ ಪಾಶ್ಚರ್. 1853ರಲ್ಲಿ 26,000 ಟನ್ ಗೂಡು ಬೆಳೆದಿದ್ದ ಫ್ರಾನ್ಸ್, ಈ ರೋಗದ ಹೊಡೆತಕ್ಕೆ 1865ರಲ್ಲಿ 4,000 ಟನ್ನಿಗೆ ಇಳಿದಿತ್ತು. ಆ ವರ್ಷ ಪಾಶ್ಚರ್ ಅಲೆಸ್ ಪಟ್ಟಣಕ್ಕೆ ಹೋದ. ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಕಣಗಳೇ ರೋಗಕ್ಕೆ ಕಾರಣ ಎಂದು ಮೊದಮೊದಲು ಅವನೂ ಒಪ್ಪಲಿಲ್ಲ. ಒಪ್ಪಿಕೊಂಡ ಮೇಲೆ ಅವನು ಸೂಚಿಸಿದ ಉಪಾಯ ಸರಳ: ಒಂದೊಂದು ಹೆಣ್ಣು ಚಿಟ್ಟೆಯಿಂದಲೂ ಪ್ರತ್ಯೇಕವಾಗಿ ಮೊಟ್ಟೆ ಇಡಿಸಿ, ಆಮೇಲೆ ಆ ತಾಯಿಯನ್ನು ಅರೆದು ನೋಡಿ, ಕಣ ಕಂಡರೆ ಆಕೆಯ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಿ. 1910ರ ದಶಕದಲ್ಲಿ ಮೈಸೂರು ಸಂಸ್ಥಾನ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿಕೊಂಡು ರೋಗರಹಿತ ಬಿತ್ತನೆಯ ಕೆಲಸಕ್ಕೆ ಕೈಹಾಕಿತು. 1959ರ ರಾಜ್ಯದ ಕಾಯ್ದೆ ಬಿತ್ತನೆಯ ತಯಾರಿ, ಮಾರಾಟಕ್ಕೆ ಕಟ್ಟುಪಾಡು ಹಾಕಿತು.

ಮೊಟ್ಟೆ ತಯಾರಿಸುವ ಇವತ್ತಿನ ಬಿತ್ತನೆ ಕೋಠಿಯಲ್ಲೂ ನಡೆಯುವುದು ಇದೇ. ನಾನೂರು, ಐನೂರು ಮೊಟ್ಟೆ ಇಟ್ಟ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸುಮಾರು 600 ಪಟ್ಟು ದೊಡ್ಡದು ಮಾಡಿ ನೋಡುತ್ತಾರೆ. ಬೀಜಕವಿದ್ದರೆ ಹೊಳೆಹೊಳೆಯುತ್ತ ಅಲುಗಾಡುತ್ತಿರುತ್ತದೆ. ಮೂಲಬಿತ್ತನೆಯ ಹಂತದಲ್ಲಿ ಪ್ರತಿ ತಾಯಿಯ ಪರೀಕ್ಷೆ ಕಡ್ಡಾಯ. ರೈತರಿಗೆ ಹೋಗುವ ಬಿತ್ತನೆಯಲ್ಲಿ ಮಾದರಿ ತೆಗೆದು ನೋಡುತ್ತಾರೆ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವವರ ಕೆಲಸದ ಮೇಲೆ ಎಷ್ಟೋ ಮನೆಗಳ ಬೆಳೆ ನಿಂತಿದೆ. ಅವರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಮೊಟ್ಟೆಯ ದಾರಿ ಹಿಡಿದ ಇನ್ನೊಂದು ಪರೋಪಜೀವಿ ಇದೇ ರೈತರ ಕೊಟ್ಟಿಗೆಯಲ್ಲಿದೆ. ಸೀಮೆ ಹಸುವಿಗೆ ಜ್ವರ ಏರಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಪಶುವೈದ್ಯರು ಮೊದಲು ಅನುಮಾನಿಸುವುದು ಬೆಬೀಸಿಯಾವನ್ನು. ಅದು ಅಪ್ಪಟ ಪ್ರೊಟೊಜೋವ. ಕೆಂಪು ರಕ್ತಕಣದೊಳಗೆ ಬೆಳೆದು ಕಣವನ್ನೇ ಒಡೆಯುತ್ತದೆ. ಅದನ್ನು ಹೊತ್ತು ತರುವುದು ಉಣ್ಣೆ. ಸೋಂಕಿನ ರಕ್ತ ಕುಡಿದ ತಾಯಿ ಉಣ್ಣೆ ನೆಲಕ್ಕುದುರಿ ಮೊಟ್ಟೆಯಿಟ್ಟರೆ, ಆ ಮರಿಗಳು ಹುಟ್ಟುವಾಗಲೇ ಸೋಂಕು ಹೊತ್ತಿರುತ್ತವೆ. ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಇದನ್ನು ಪ್ರಕಟಿಸಿದರು. ಇಲ್ಲಿ ತಾಯಿಯನ್ನು ಹಿಡಿದು ಅರೆದು ನೋಡುವ ಕೋಠಿ ಇಲ್ಲ. ಹಸುವಿನ ಮೈಯ ಉಣ್ಣೆ ತೆಗೆಯಬೇಕು, ಕೊಟ್ಟಿಗೆಯ ಗೋಡೆಯ ಬಿರುಕು ಮುಚ್ಚಬೇಕು.

ಮತ್ತೆ ಹುಳು ಮನೆಯ ಮಾತಿಗೆ ಬಂದರೆ, ಚಾಕಿ (ಎಳೆಯ ಹುಳು) ತರುವಾಗ ಬಿತ್ತನೆ ಎಲ್ಲಿಯದು, ಚಿಟ್ಟೆ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹುಳು ಏರುಪೇರಾದರೆ ನಾಲ್ಕು ಹುಳುಗಳನ್ನು ಹತ್ತಿರದ ತಾಂತ್ರಿಕ ಸೇವಾ ಕೇಂದ್ರಕ್ಕೆ ಒಯ್ದು ತೋರಿಸಿ. ರೋಗದ ತಟ್ಟೆಯ ಹಿಕ್ಕೆ, ಕಸವನ್ನು ಹಸಿಯಾಗಿ ಹಿಪ್ಪುನೇರಳೆ ತೋಟಕ್ಕೆ ಚೆಲ್ಲಬೇಡಿ. ಸುಡಿ, ಇಲ್ಲವೇ ಆಳವಾಗಿ ಹೂಳಿ. ಒಣಗಿದ ಬೀಜಕ ಎಷ್ಟೋ ಕಾಲ ಜೀವ ಹಿಡಿದಿರುತ್ತದೆ. ಗೋಡೆ, ತಟ್ಟೆ, ಚಂದ್ರಿಕೆಗಳಿಗೆಲ್ಲ ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ದ್ರಾವಣ ಚೆನ್ನಾಗಿ ತಗಲಬೇಕು.