ಇಂಗ್ಲಿಷಿನ ಜೋಡಿಪದಕ್ಕೆ ಮನೆಗನ್ನಡದ ದಾರಿ

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮನೆಗಳ ಮಕ್ಕಳು ಶಾಲೆಗೆ ಹೋದರೆ ಮರಾಠಿ, ಅದರ ಜೊತೆಗೇ ಇಂಗ್ಲಿಷ್. ನಿಲಂಗಾ, ಉದಗೀರ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಸರಿಯಿತು, ಮನೆಮಾತು ಉಳಿಯಿತು. ಆ ಮನೆಮಾತು ಇಂಗ್ಲಿಷ್ ಕಲಿಯಲು ತೊಡಕು ಎನ್ನುವವರು ಒಂದು ಸಣ್ಣ ಪಾಠವನ್ನು ಗಮನಿಸಬೇಕು: ನಾಮಪದದ ಮುಂದೆ ನಾಮಪದ ನಿಲ್ಲುವ ಕ್ರಮ.

‘ಬಫಲೋ ಮಿಲ್ಕ್’ ಎಂದರೆ ಎಮ್ಮೆ ಹಾಲು. ‘ಮಿಲ್ಕ್ ಬಫಲೋ’ ಎಂದರೆ ಹಾಲಿನ ಎಮ್ಮೆ. ಮೊದಲನೆಯದು ಚೊಂಬಿನಲ್ಲಿರುತ್ತದೆ, ಎರಡನೆಯದು ಕೊಟ್ಟಿಗೆಯಲ್ಲಿ. ವಸ್ತು ಯಾವುದು ಎಂದು ಹೇಳುವುದು ಕೊನೆಯ ಪದ. ಅದು ಎಂಥದು ಎಂದು ಹೇಳುವುದು ಅದರ ಹಿಂದಿನದು. ಕನ್ನಡವೂ ಹೀಗೇ ನಡೆಯುತ್ತದೆ. ಉತ್ತರಪದದ ಅರ್ಥ ಪ್ರಧಾನವಾದರೆ ತತ್ಪುರುಷ ಸಮಾಸ ಎಂದು ನಮ್ಮ ವ್ಯಾಕರಣ ಕಲಿಸುತ್ತದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಮಾಸಕ್ಕೆಂದೇ ಒಂದು ಪ್ರಕರಣ ಬರೆದಿದ್ದಾನೆ.

ಪದಗಳು ಎಷ್ಟೇ ಸಾಲುಗಟ್ಟಿದರೂ ಕ್ರಮ ಕೆಡುವುದಿಲ್ಲ. ‘ಉದಗೀರ್ ದಾಲ್ ಮಿಲ್ ಗೇಟ್’ ಎಂಬುದನ್ನು ಕೊನೆಯಿಂದ ಬಿಡಿಸಿ. ಏನಿದು? ಗೇಟು. ಯಾವುದರದು? ಮಿಲ್ಲಿನದು. ಎಂಥ ಮಿಲ್ಲು? ಬೇಳೆಯದು. ಎಲ್ಲಿಯದು? ಉದಗೀರದ್ದು. ಇದೇ ಪ್ರಶ್ನೆಗಳು ಪರೀಕ್ಷೆಯ ಉದ್ದುದ್ದ ಇಂಗ್ಲಿಷ್ ಪದಸಾಲುಗಳನ್ನೂ ಬಿಡಿಸುತ್ತವೆ.

ಇನ್ನೊಂದು ಹೋಲಿಕೆಯಿದೆ. ಅಂಗಡಿ ತುಂಬ ಚಪ್ಪಲಿಗಳಿದ್ದರೂ ನಾವು ‘ಚಪ್ಪಲಿ ಅಂಗಡಿ’ ಎನ್ನುತ್ತೇವೆ. ಇಂಗ್ಲಿಷಿನವರೂ ‘ಶೂ ಶಾಪ್’ ಎನ್ನುತ್ತಾರೆ. ‘ಹತ್ತು ರೂಪಾಯಿ ನೋಟು’ ಅಲ್ಲಿ ‘ಟೆನ್ ರುಪೀ ನೋಟ್’. ಮೊದಲು ನಿಂತ ಪದ ಸಾಮಾನ್ಯವಾಗಿ ಏಕವಚನದಲ್ಲೇ ಇರುತ್ತದೆ. ‘ಸ್ಪೋರ್ಟ್ಸ್ ಡೇ’ಯಂಥ ಕೆಲವನ್ನು ಮಾತ್ರ ಬಾಯಿಪಾಠ ಮಾಡಬೇಕು.

ಮರಾಠಿಯಲ್ಲೂ ಮುಖ್ಯ ಪದ ಕೊನೆಗೇ ಬರುತ್ತದೆ. ಆದರೆ ಅಲ್ಲಿ ‘ಗಾವಾಚಾ ರಸ್ತಾ’, ‘ಗಾವಾಚೀ ಶಾಳಾ’ ಎಂದು ಮುಂದಿನ ಪದದ ಲಿಂಗಕ್ಕೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಕನ್ನಡದ ‘ಊರ ರಸ್ತೆ’, ‘ಊರ ಶಾಲೆ’ಗಳಲ್ಲಿ ‘ಊರ’ ಹಾಗೇ ಇರುತ್ತದೆ. ‘ವಿಲೇಜ್ ರೋಡ್’, ‘ವಿಲೇಜ್ ಸ್ಕೂಲ್’ಗಳಲ್ಲೂ ಅಷ್ಟೇ. ಮಕ್ಕಳು ನಿಜವಾಗಿ ಎಡವುವುದು ‘ಆಫ್’ ಬಂದಾಗ. ‘ದ ಗೇಟ್ ಆಫ್ ದ ಮಿಲ್’ ಎಂದೊಡನೆ ಸಾಲು ತಿರುವುಮುರುವಾಗುತ್ತದೆ, ಗೇಟು ಮೊದಲು ಬರುತ್ತದೆ.

ಆದ್ದರಿಂದ ಗಡಿಯ ಶಿಕ್ಷಕರು ಜೋಡಿಪದವನ್ನು ಮೊದಲು ಕಲಿಸಲಿ, ‘ಆಫ್’ ಆಮೇಲೆ ಬರಲಿ. ಮಕ್ಕಳಿಂದಲೇ ಮನೆಯ ಮಾತುಗಳನ್ನು ಹೇಳಿಸಿ, ಪಕ್ಕದಲ್ಲಿ ಇಂಗ್ಲಿಷ್ ಬರೆಸಲಿ. ಅವ್ವನ ಮಾತು ತರಗತಿಯೊಳಗೆ ಬಂದರೆ ಇಂಗ್ಲಿಷಿಗೆ ನಷ್ಟವಿಲ್ಲ. ಮಗುವಿಗೆ ಲಾಭವೇ ಹೆಚ್ಚು.