ಉಸಿರು ನಡೆಸುವ ಯಂತ್ರ

ಇಂಗ್ಲೆಂಡಿನ ಏಲ್ಸ್‌ಬರಿ ಪಟ್ಟಣದ ಬಳಿ ಇರುವ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಕುತ್ತಿಗೆಯಿಂದ ಕೆಳಗೆ ದೇಹವೆಲ್ಲ ಸ್ವಾಧೀನ ತಪ್ಪಿ ಮಲಗಿದ್ದ ರೋಗಿಗಳಿಗೆ, ದಾದಿಯನ್ನು ಕರೆಯಬೇಕಾದಾಗ ಊದಲೆಂದು ಸೀಟಿಯೊಂದನ್ನು ಕೊಡುತ್ತಿದ್ದರು. 1960ರ ಸುಮಾರಿಗೆ ಸ್ವಯಂಸೇವಕರಾಗಿ ಅಲ್ಲಿಗೆ ಹೋಗಿಬರುತ್ತಿದ್ದ ರೆಗ್ ಮೇಲಿಂಗ್ ಎಂಬವರು ಆ ಸೀಟಿಯನ್ನು ಕಂಡು, ಅಲ್ಲಿಂದ ಮುಂದಕ್ಕೆ ಆಲೋಚಿಸಿದರು. ಅನ್ಯರನ್ನು ಕೂಗಿ ಕರೆಯಲು ಸಾಕಾಗುವ ಉಸಿರು ಒಂದು ಯಂತ್ರಕ್ಕೆ ಆಜ್ಞೆಯನ್ನು ಕೊಡಲೂ ಸಾಕಾಗಬೇಕು. ಹೀಗೆ ಹುಟ್ಟಿದ ಸಾಧನವೇ ‘ಪಾಸಮ್’. ಕೈಕಾಲು ಆಡದವರು ಇಂದು ಕಂಪ್ಯೂಟರನ್ನು ನಡೆಸುವ ಅನೇಕ ವಿಧಾನಗಳ ಮೂಲವನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಇದರ ಮುಂದೆಯೇ.

ಇಂತಹ ಸಾಧನ ಬೇಕಾಗುವ ಕಾಲ ಬರುವುದಕ್ಕೆ ಮೊದಲು ರೋಗಿಗಳು ಬದುಕಿ ಉಳಿಯಬೇಕಾಗಿದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿ ಮುರಿದವರ ಪೈಕಿ ಬಹುಪಾಲಿನವರು ಹಾಸಿಗೆ ಹುಣ್ಣಿನಿಂದಲೋ ಮೂತ್ರಕೋಶದ ಸೋಂಕಿನಿಂದಲೋ ಬಹುಬೇಗ ತೀರಿಕೊಂಡರು; ವೈದ್ಯರೂ ಅದನ್ನು ವಿಧಿಯೆಂದೇ ಒಪ್ಪಿಕೊಂಡಿದ್ದರು. ನಾಜಿಗಳ ಹಿಂಸೆಗೆ ಸಿಲುಕಿ 1939ರಲ್ಲಿ ಜರ್ಮನಿಯನ್ನು ತೊರೆದು ಬಂದ ನರರೋಗತಜ್ಞ ಲುಡ್ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಬೆನ್ನುಹುರಿಯ ವಿಭಾಗವನ್ನು ತೆರೆದು, ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಕಟ್ಟುನಿಟ್ಟಾದ ಕ್ರಮವನ್ನು ಜಾರಿಗೆ ತಂದ ಮೇಲೆ, ಆ ವಿಧಿ ಸುಳ್ಳಾಯಿತು. ಉಳಿದ ಜೀವಕ್ಕೆ ಇನ್ನು ಉದ್ಯೋಗವೇನು ಎಂಬ ಪ್ರಶ್ನೆ ಆಗ ಎದ್ದಿತು. ಸೊಂಟದ ಕೆಳಗೆ ಮಾತ್ರ ಬಲ ಕಳೆದುಕೊಂಡವರಿಗೆ ಗಾಲಿಕುರ್ಚಿಯೂ ಕ್ರೀಡೆಯೂ ಕೈಗೆಟುಕಿದವು. ಕೈಯೂ ಆಡದವರಿಗೆ ಉಳಿದುದು ಸೀಟಿ.

ಪಾಸಮ್ ನಡೆಯುತ್ತಿದ್ದ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ತುಟಿಗಳ ನಡುವೆ ಒಂದು ಕೊಳವೆ. ಅದನ್ನು ಮೆಲ್ಲನೆ ಹೀರಿದರೂ ಊದಿದರೂ ಒಳಗಿನ ಗಾಳಿಯ ಒತ್ತಡ ಬದಲಾಗಿ, ಆ ಬದಲಾವಣೆ ವಿದ್ಯುತ್ ಸಂಕೇತವಾಗುತ್ತದೆ. ಎದುರಿನ ಫಲಕದಲ್ಲಿ ದೀಪ, ಕರೆಗಂಟೆ, ರೇಡಿಯೋ, ದೂರವಾಣಿ ಇವುಗಳ ಹೆಸರಿರುವ ಮನೆಗಳನ್ನು ಬೆಳಕು ಒಂದೊಂದಾಗಿ ದಾಟಿ ಬರುತ್ತದೆ. ಬೇಕಾದ ಮನೆಗೆ ಅದು ಬಂದಾಗ ಉಸಿರಿನಿಂದ ಸೂಚನೆ ಕೊಟ್ಟರೆ ಆ ಕಾರ್ಯ ನೆರವೇರುತ್ತದೆ. ಇದೇ ರೀತಿಯಲ್ಲಿ ಅಕ್ಷರಗಳನ್ನು ಆಯ್ದು ಬೆರಳಚ್ಚು ಯಂತ್ರವನ್ನೂ ನಡೆಸಬಹುದಾಗಿತ್ತು. ಮುಖ, ತುಟಿ, ನಾಲಗೆಗಳ ನರಗಳು ಬೆನ್ನುಹುರಿಯನ್ನು ಹಾಯದೆ ಮೆದುಳಿನಿಂದಲೇ ನೇರವಾಗಿ ಹೊರಡುವುದರಿಂದ ಕುತ್ತಿಗೆಯ ಪೆಟ್ಟು ಅವನ್ನು ತಟ್ಟುವುದಿಲ್ಲ. ಆದಕಾರಣ, ಯಂತ್ರದ ನೆರವಿನಿಂದ ಉಸಿರಾಡುವವರು ಸಹ ಕೆನ್ನೆ ನಾಲಗೆಗಳ ಬಲದಿಂದಲೇ ಕೊಳವೆಯನ್ನು ಹೀರಬಲ್ಲರು. ದೀಪವನ್ನು ಯಾವಾಗ ಆರಿಸಬೇಕೆಂಬ ನಿರ್ಧಾರವು ದಾದಿಯಿಂದ ರೋಗಿಗೆ ಮರಳಿ ಬಂದುದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ. ಮನುಷ್ಯನ ಘನತೆಯ ಬಹುಭಾಗ ನೆಲೆಸಿರುವುದು ಅಂತಹ ನಿರ್ಧಾರಗಳಲ್ಲಿಯೇ.

ಕಂಪ್ಯೂಟರು ಬಂದ ಮೇಲೆ ಫಲಕವು ಪರದೆಯಾಯಿತು, ಊದುವಿಕೆಯು ಮೌಸಿನ ಕ್ಲಿಕ್ ಆಯಿತು. ತಲೆಯ ಚಲನೆ, ಕಣ್ಣಿನ ನೋಟ, ಕೊನೆಗೆ ಧ್ವನಿಯೂ ಇದರೊಡನೆ ಸೇರಿಕೊಂಡವು. ಬೇರೊಂದು ವ್ಯಾಧಿಯಿಂದ ದೇಹವೆಲ್ಲ ನಿಶ್ಚಲವಾಗಿದ್ದ ಸ್ಟೀಫನ್ ಹಾಕಿಂಗ್, ಮೊದಲು ಬೆರಳಿನ ಒತ್ತುಗುಂಡಿಯಿಂದಲೂ ಅನಂತರ ಕೆನ್ನೆಯ ಮಿಡಿತದಿಂದಲೂ ಪದಗಳನ್ನು ಆಯ್ದದ್ದು ಸರಿಯುವ ಬೆಳಕನ್ನು ತಡೆದು ನಿಲ್ಲಿಸುವ ಈ ತತ್ತ್ವದಿಂದಲೇ. 2004ರಲ್ಲಿ ಅಮೆರಿಕದ ಮ್ಯಾಥ್ಯೂ ನೇಗಲ್ ಎಂಬ ತರುಣನ ಮೆದುಳಿನಲ್ಲಿ 96 ವಿದ್ಯುದಗ್ರಗಳ ಪುಟ್ಟ ಬಿಲ್ಲೆಯನ್ನಿರಿಸಿದ ಮೇಲೆ, ಆತನು ಮನಸ್ಸಿನ ಸಂಕಲ್ಪದಿಂದಲೇ ಪರದೆಯ ಮೇಲಿನ ಬಾಣವನ್ನು ಸರಿಸಿ ಇ-ಮೇಲ್ ತೆರೆದನು. ಅದು ವಿಸ್ಮಯವೇ ಸರಿ. ಆದರೂ ತಲೆಬುರುಡೆಯನ್ನು ಕೊರೆಯದೆ, ಸಂಜೆ ತೆಗೆದಿಟ್ಟು ಬೆಳಿಗ್ಗೆ ಮತ್ತೆ ತೊಡಗಿಸಬಹುದಾದ ಆ ಕೊಳವೆಯ ಪಾಲಿನ ಗೌರವ ಇದರಿಂದ ಕಡಿಮೆಯಾಗದು.

ಕನ್ನಡದವರಾದ ನಮಗೆ ಇಲ್ಲಿ ಪ್ರತ್ಯೇಕವಾದ ಒಂದು ಕಷ್ಟವಿದೆ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿನ ಫಲಕದಲ್ಲಿ ಬೆಳಕು ಬೇಗ ಸುತ್ತಿ ಬರುತ್ತದೆ. ನಮ್ಮ ನಲವತ್ತೊಂಬತ್ತರ ವರ್ಣಮಾಲೆಗೆ ಸ್ವರಚಿಹ್ನೆಗಳೂ ಒತ್ತುಗಳೂ ಸೇರಿದರೆ ದಾರಿ ಬಲು ಉದ್ದವಾಗುತ್ತದೆ. ‘ಅಮ್ಮ’ ಎಂದು ಬರೆಯಬೇಕಾದವನು ಅಕಾರವನ್ನೂ ಮಕಾರವನ್ನೂ ಒತ್ತನ್ನು ಕೂಡಿಸುವ ಚಿಹ್ನೆಯನ್ನೂ ಪುನಃ ಮಕಾರವನ್ನೂ, ಹೀಗೆ ನಾಲ್ಕು ಬಾರಿ ಬೆಳಕನ್ನು ಕಾದು ಆಯಬೇಕು. ಹೆಚ್ಚು ಬಳಕೆಯಾಗುವ ಅಕ್ಷರಗಳನ್ನು ಬೆಳಕು ಮೊದಲು ಮುಟ್ಟುವಂತೆ ಜೋಡಿಸಿ, ಬರೆಯುತ್ತಿರುವ ಪದವನ್ನು ಊಹಿಸಿ ಮುಂದಿಡುವ ವ್ಯವಸ್ಥೆಯನ್ನು ಅದಕ್ಕೆ ಕೂಡಿಸಿದರೆ ಈ ಶ್ರಮ ಎಷ್ಟೋ ಇಳಿಯುತ್ತದೆ. ಅದಕ್ಕೆ ಬೇಕಾದುದು ಕನ್ನಡದ ನಿತ್ಯದ ಮಾತಿನಲ್ಲಿ ಯಾವ ಅಕ್ಷರ, ಯಾವ ಪದ, ಯಾವ ವಿಭಕ್ತಿ ಎಷ್ಟು ಸಲ ಬರುತ್ತದೆಂಬ ಎಣಿಕೆ ಮತ್ತು ಕನ್ನಡವನ್ನು ದಿನವೂ ಉಸಿರಿನಿಂದ ಬರೆಯಬೇಕಾದವರ ಸಲಹೆ. ಭಾಷೆಯನ್ನು ಬಲ್ಲವರೂ ಯಂತ್ರವನ್ನು ಬಲ್ಲವರೂ ಇವರ ಹಾಸಿಗೆಯ ಬಳಿ ಕುಳಿತು ಈಗಲೇ ಕೈಗೆತ್ತಿಕೊಳ್ಳಬಹುದಾದ ಕೆಲಸವಿದು.